ಕಳುವಾದ ಅರಮನೆ

ಮಂಗಳವಾರ ಬೆಳಿಗ್ಗೆ 10:40ಕ್ಕೆ ಒಂದು ಅರಮನೆ ಕಳುವಾಗಿದೆಯೆಂಬ ದೂರು ಠಾಣೆಗೆ ಬಂತು. ಏಳು ಕಮಾನು, ಎಂಟು ಕಂಬ, ಒಂದು ಕಾರಂಜಿ, ಎರಡು ನವಿಲು ಸಮೇತ. ಬಸವೇಶ್ವರನಗರದಲ್ಲಿ ಸ್ಕೂಟರು, ಸರ, ನೀರಿನ ಮೋಟರು ಹೋಗಿದ್ದುಂಟು. ರಾಜಾಸ್ಥಾನವೇ ಇಡಿಯಾಗಿ ಹೋಗಿದ್ದು ಇದೇ ಮೊದಲು. ಇನ್‌ಸ್ಪೆಕ್ಟರ್ ಗಿರಿಜಾದೇವಿ ಪೆನ್ನು ಕೆಳಗಿಟ್ಟರು.

"ಬಟ್ಟೆ ಮೇಲಿನ ಅರಮನೇನಾ?"

"ಹೌದು ಮೇಡಂ. ನಾಟಕದ ಪರದೆ. ಹದಿನಾಲ್ಕು ಅಡಿ ಅಗಲ."

ದೂರುದಾರಳು ಅನಘಾ, ಖಾಸಗಿ ಕಲಾ ಗ್ಯಾಲರಿಯೊಂದರ ಉಸ್ತುವಾರಿ. ಮುಚ್ಚಿಹೋದ ನಾಟಕ ಕಂಪನಿಯೊಂದರ ಆ ಪರದೆಯನ್ನು ಸಂಗ್ರಾಹಕ ಪದ್ಮನಾಭ ಅವರು ಭಾನುವಾರದ ಪ್ರದರ್ಶನಕ್ಕೆಂದು ಅವಳ ಸಹಿ ಪಡೆದು ಕೊಟ್ಟಿದ್ದರು. ಭಾನುವಾರದೊಳಗೆ ಸಿಗದಿದ್ದರೆ ಬೇರೆ ಕೆಲಸ ನೋಡಿಕೊ ಎಂದು ಗ್ಯಾಲರಿ ಮಾಲೀಕರು ಆಗಲೇ ಹೇಳಿಯಾಗಿತ್ತು.

ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮಿನಡಿ ಕಳವಿನ ಎಫ್‌ಐಆರ್ ಆಯಿತು. 11:50ಕ್ಕೆ ಸ್ಥಳ ಪಂಚನಾಮೆ. ಉಗ್ರಾಣದ ಬೀಗ ಒಡೆದಿರಲಿಲ್ಲ. ಪರದೆ ಇಟ್ಟಿದ್ದ ಪ್ಲಾಸ್ಟಿಕ್ ಕೊಳವೆ ಅಲ್ಲೇ ಬಿದ್ದಿತ್ತು. ಗಿರಿಜಾದೇವಿ ಅದನ್ನು ಓರೆ ಮಾಡಿ ಕುಟ್ಟಿದರು. ನೀಲಿ, ಕೆಂಪು ಪುಡಿ ಉದುರಿತು.

"ನಿನ್ನೆ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಯಾರೂ ಇಲ್ಲ ಮೇಡಂ. ಚಪ್ಪರ ಹಾಕೋಕೆ ಶಾಮಿಯಾನದ ಅಂಕಲ್ ಬಂದಿದ್ರು, ಅಷ್ಟೇ."

"ಅಂಕಲ್ ಬಂದ್ರೆ ಯಾರೂ ಬಂದಂಗಲ್ವಾ?"

"ಹಗ್ಗ ಇಡೋಕೆ ಅಂತ ಉಗ್ರಾಣದ ಕೀ ನಾನೇ ಕೊಟ್ಟಿದ್ದೆ ಮೇಡಂ," ಎಂದಳು ಅನಘಾ.

ಕಾನ್‌ಸ್ಟೇಬಲ್ ಬಸವಕುಮಾರ ಸಿಸಿಟಿವಿ ಮುಂದೆ ಕೂತು ಬೊಂಬು ಎಣಿಸಿದ. "ಬರೋವಾಗ ಹನ್ನೆರಡು ಮೇಡಂ. ಚಪ್ಪರದಲ್ಲಿ ಹನ್ನೊಂದೇ ಇದಾವೆ. ಮಧ್ಯಾಹ್ನ 2:35ಕ್ಕೆ ಒಂದು ವಾಪಸ್ ಹೋಗಿದೆ, ಮೈತುಂಬಾ ಶಾಮಿಯಾನ ಹೊದ್ಕೊಂಡು."

ಹಾಡಹಗಲಲ್ಲಿ ಮಾಗಡಿ ರಸ್ತೆಯುದ್ದಕ್ಕೂ ಅರಮನೆ ಮೆರವಣಿಗೆ ಹೋಗಿತ್ತು. ಶಾಮಿಯಾನದ ಗಾಡಿಯನ್ನು ತಡೆದು ಕೇಳುವವರು ಯಾರಿದ್ದಾರೆ?

ಸಂಜೆ 4:15ಕ್ಕೆ ಪೊಲೀಸರು ಅನಘಾಳನ್ನೂ ಕರೆದುಕೊಂಡು ಸುಂಕದಕಟ್ಟೆಯ ಶಾಮಿಯಾನದ ಶೆಡ್ಡಿಗೆ ಹೋದರು. ಕುರ್ಚಿಗಳ ರಾಶಿಯ ಹಿಂದೆ, ಬಿಸಿಲು ತಾಗದ ಕಡೆ, ಅರಮನೆ ಇಳಿಬಿದ್ದಿತ್ತು. ಅನಘಾ ಹತ್ತಿರ ಹೋಗಿ ನವಿಲುಗಳನ್ನೂ ನೋಡಿಕೊಂಡಳು. ಎರಡೂ ಇದ್ದವು. ಅವಳು ಅಲ್ಲೇ ಒಂದು ಬಾಡಿಗೆ ಕುರ್ಚಿಯ ಮೇಲೆ ಕುಸಿದು, ಅತ್ತು, ನಕ್ಕಳು.

ಶೆಡ್ಡಿನ ಯಜಮಾನ ಕಾಂತರಾಜು, ಅದೇ ಅಂಕಲ್, ಓಡಲಿಲ್ಲ.

"ಯಾಕೆ ತಗೊಂಡ್ರಿ?"

"ಬಣ್ಣ ಒಳಗೆ ಮಾಡಿ ಸುತ್ತಿದ್ರು ಮೇಡಂ, ಚಾಪೆ ಸುತ್ತಿದಂಗೆ! ಅಂಟು ಹಾಕಿ ಬಳಿದಿರೋ ಬಣ್ಣ, ಒಳಗೇ ಮಡಚ್ಕೊಂಡು ಉದುರಿಹೋಗುತ್ತೆ. ಪರದೇನ ಬೊಂಬಿಗೆ ಸುತ್ತಬೇಕು, ಬಣ್ಣ ಹೊರಗೆ ಬರಬೇಕು."

"ಅದನ್ನ ಅವರಿಗೆ ಹೇಳೋದಲ್ವಾ?"

"ಎರಡು ಸಲ ಹೇಳ್ದೆ. 'ನೀವು ಕುರ್ಚಿ ನೋಡ್ಕೊಳಿ ಅಂಕಲ್' ಅಂದ್ರು ಈ ಮೇಡಂ. ಭಾನುವಾರ ಬೆಳಿಗ್ಗೆ ಕುರ್ಚಿ ಜೊತೆ ತಂದಿಡೋನಿದ್ದೆ."

"ಅಲ್ಲೀವರೆಗೆ ಇವಳ ಕೆಲಸ ಉಳೀತಿತ್ತಾ?"

ಕಾಂತರಾಜು ಅನಘಾಳ ಮುಖ ನೋಡಿದ. "ಅದು ಹೊಳೀಲಿಲ್ಲಮ್ಮ," ಎಂದ.

5:05ಕ್ಕೆ ಬಂಧನ. ಜಪ್ತಿ ಪಂಚನಾಮೆ ಬರೆದು ಮಾಲನ್ನು ಪ್ಯಾಕ್ ಮಾಡಲು ಬಸವಕುಮಾರ ಪರದೆ ಇಳಿಸಿ, ಒಂದು ಸುತ್ತು ಸುತ್ತಿಯೂ ಬಿಟ್ಟ.

"ಏಯ್! ಬಣ್ಣ ಹೊರಗೆ ಕಣಪ್ಪಾ!" ಆರೋಪಿ ಕಿರುಚಿದ.

ಗಿರಿಜಾದೇವಿ ಒಂದು ನಿಮಿಷ ಯೋಚಿಸಿದರು. ಜಪ್ತಿಯಾದ ಮಾಲನ್ನು ಆರೋಪಿಯೇ ಸುತ್ತಬಾರದೆಂದು ಯಾವ ಕಾನೂನಿನಲ್ಲೂ ಓದಿದ ನೆನಪಿರಲಿಲ್ಲ. ಕಾಂತರಾಜು ಸುತ್ತಿದ, ಅನಘಾ ಇನ್ನೊಂದು ತುದಿ ಹಿಡಿದಳು, ಪಂಚರು ಸಹಿ ಹಾಕಿದರು.

ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು: ಮುಚ್ಚಿಹೋದ ಆ ನಾಟಕ ಕಂಪನಿಯಲ್ಲಿ ಅವನು ಪರದೆ ಎಳೆಯುವವನಾಗಿದ್ದ. ಇಪ್ಪತ್ತೆರಡು ವರ್ಷ ದಿನಾ ಈ ಅರಮನೆಯನ್ನು ಎತ್ತಿ ಇಳಿಸಿದ. ಒಂದು ಕಂಬಕ್ಕೂ ಗೀರು ಬಿದ್ದಿರಲಿಲ್ಲ.

ಬುಧವಾರ ನ್ಯಾಯಾಲಯ ಅವನಿಗೆ ಜಾಮೀನು ಕೊಟ್ಟಿತು. ಶುಕ್ರವಾರ ಪರದೆಯನ್ನು ಪದ್ಮನಾಭ ಅವರ ವಶಕ್ಕೆ ಬಿಟ್ಟಿತು. ಪ್ರದರ್ಶನ ಭಾನುವಾರ ಸಂಜೆ ಐದಕ್ಕೆ ಶುರುವಾಯಿತು. ಅನಘಾಳ ಕೆಲಸ ಉಳಿಯಿತು. ಕಾಂತರಾಜುವಿನ ಮೇಲಿನ ಪ್ರಕರಣ ನಡೆಯುತ್ತಿದೆ.