ಸಂಚಿಯೊಳಗಿನ ಪೊಟ್ಟಣ

ದೊಡ್ಡಕ್ಕ ಕುರಿರೊಪ್ಪದ ಬಾಗಿಲಲ್ಲೇ ಸತ್ತು ಬಿದ್ದಿದ್ದಳು. ಬಾಯಿಯ ಸುತ್ತ ಕಾಫಿ ಬಣ್ಣದ ವಾಂತಿ. ಸಬ್ ಇನ್‌ಸ್ಪೆಕ್ಟರ್ ಸುಮಿತ್ರಾ ಜವನಗೊಂಡನಹಳ್ಳಿ ತಲುಪುವ ಹೊತ್ತಿಗೆ ಊರೇ ತೀರ್ಪು ಕೊಟ್ಟಾಗಿತ್ತು. ಕೊಂದವಳು ಸೊಸೆ ಮೀನಾಕ್ಷಿ!

“ಹುಳ ಸಾಯ್ಲಿ ಅಂತ ಕುರಿಗೆ ಹಚ್ಚೋ ಉಣ್ಣೆ ಔಷಧಿ ಅಡುಗೆಮನೇಲಿ ಐತೆ ಮೇಡಂ,” ಎಂದ ಮಗ ಗೊಲ್ಲಪ್ಪ. “ನಿನ್ನೆ ಅವ್ವನ ಜೊತೆ ಜಗಳ ಆಡಿದ್ಲು.”

ಮೀನಾಕ್ಷಿಯ ಕೆನ್ನೆಯ ಮೇಲೆ ಗಂಡನ ಐದು ಬೆರಳೂ ಮೂಡಿದ್ದವು.

“ಯಾತಕ್ಕಮ್ಮ ಜಗಳ?”

“ಹೊಟ್ಟೆ ಉರಿ ಅಂತ ಒದ್ದಾಡ್ತಿದ್ರು. ಆಸ್ಪತ್ರೆಗೆ ಹೋಗಾಣ ಬಾ ಅತ್ತೆ ಅಂದೆ. ಅಷ್ಟಕ್ಕೇ ರೇಗಿದ್ರು.”

ಔಷಧಿ ಅಂಗಡಿಯ ಬಾಲರಾಜು ಗುಂಪು ಸೀಳಿಕೊಂಡು ಮುಂದೆ ಬಂದ. “ನಾಲ್ಕು ದಿನದಿಂದ ಕಪ್ಪು ಭೇದಿ ಆಗ್ತಿತ್ತು, ಪಾಪ. ದಿನಾ ಸ್ವಲ್ಪ ಸ್ವಲ್ಪ ವಿಷ ಹಾಕಿದ್ರೆ ಹಂಗೇ ಆಗೋದು. ಇವಳನ್ನ ಒಳಗೆ ಹಾಕ್ರಿ.”

“ಭೇದೀನಾ? ನಮಗೆ ಗೊತ್ತೇ ಇಲ್ಲ!” ಎಂದ ಗೊಲ್ಲಪ್ಪ.

“ನಂಗೂ ಹೇಳಿಲ್ಲ,” ಎಂದಳು ಮೀನಾಕ್ಷಿ. “ಅಂಥದ್ದಕ್ಕೆಲ್ಲ ಅತ್ತೆಗೆ ನಾಚಿಕೆ.”

ಸುಮಿತ್ರಾ ಆ ಮಾತನ್ನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಗೋಡೆಯ ಮೇಲಿದ್ದ ಕಳೆದ ವರ್ಷದ ಫೋಟೋದಲ್ಲಿ ದೊಡ್ಡಕ್ಕನ ಕೆನ್ನೆ ಗುಳಿ ಬಿದ್ದಿತ್ತು. ಹೆಣದ ಮುಖ ಮಾತ್ರ ದುಂಡಗೆ ಉಬ್ಬಿತ್ತು.

“ಈ ವರ್ಷ ಮೈ ತುಂಬ್ಕೊಂಡಿದ್ಲು,” ಎಂದ ಗೊಲ್ಲಪ್ಪ. “ಕುರಿ ಮೈ ತುಂಬಿದ್ರೆ ರೋಗ ಇಲ್ಲ ಅಂತಲೇ ಅಲ್ವಾ? ಮಂಡಿನೋವೂ ತಾನಾಗೇ ಹೋಯ್ತು.”

ತಾನಾಗೇ ಹೋಗಲು ಮಂಡಿನೋವೇನು ಮನೆಗೆ ಬಂದ ನೆಂಟನೇ? ಸುಮಿತ್ರಾ ಮುದುಕಿಯ ಸೊಂಟದಲ್ಲಿದ್ದ ಎಲೆಅಡಿಕೆ ಸಂಚಿ ಬಿಚ್ಚಿದಳು. ಸುಣ್ಣದ ಡಬ್ಬಿಯ ಕೆಳಗೆ ಪಿನ್ನು ಹೊಡೆದ ಕಾಗದದ ಪೊಟ್ಟಣ. ಒಳಗೆ ಬಿಡಿಬಿಡಿಯಾಗಿ ಮೂರು ಮಾತ್ರೆ.

* * *

“ಉಣ್ಣೆ ಔಷಧಿಯ ಲಕ್ಷಣ ಒಂದೂ ಇಲ್ಲ,” ಎಂದರು ಶವಪರೀಕ್ಷೆ ಮಾಡಿದ ಡಾಕ್ಟರ್ ಅನುಷಾ. “ಹೊಟ್ಟೆಯ ಹುಣ್ಣು ಒಡೆದು ರಕ್ತ ಹೋಗಿದೆ. ಈ ಮಾತ್ರೆಗಳಲ್ಲಿ ಒಂದು ಸ್ಟೆರಾಯ್ಡ್, ಎರಡು ನೋವಿನದು. ತಿಂಗಳುಗಟ್ಟಲೆ ನುಂಗಿದ್ದಕ್ಕೇ ಹುಣ್ಣಾಗಿದೆ. ಮುಖ ದುಂಡಗಾದದ್ದು ಮೈ ತುಂಬಿದ್ದಲ್ಲ, ಸ್ಟೆರಾಯ್ಡಿಗೆ ಊದಿದ್ದು.”

“ಕಪ್ಪು ಭೇದಿ?”

“ಒಳಗಿನ ರಕ್ತ. ಮೊದಲ ದಿನವೇ ಕರೆತಂದಿದ್ದರೆ ಉಳಿಸಬಹುದಿತ್ತು.”

* * *

ಮಫ್ತಿಯಲ್ಲಿದ್ದ ಪೇದೆ ಹೊನ್ನಕ್ಕ ಕುಂಟುತ್ತಾ ಬಾಲರಾಜುವಿನ ಅಂಗಡಿಗೆ ಹೋದಳು. “ಮಂಡಿನೋವು ಕಣಣ್ಣ.” ಅವನು ಡಾಕ್ಟರ ಚೀಟಿ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ. ಅಂಥದ್ದೇ ಮೂರು ಮಾತ್ರೆ ಹಾಕಿ ಪೊಟ್ಟಣ ಮಡಚಿ ಪಿನ್ನು ಹೊಡೆದ. ಹಿಂದೆಯೇ ಸುಮಿತ್ರಾ ಒಳಗೆ ಬಂದಳು.

“ಜನಾನೇ ಕೇಳ್ಕೊಂಡು ಬರ್ತಾರೆ ಮೇಡಂ. ನಾನೇನು ವಿಷ ಹಾಕಿದ್ನಾ?”

“ಕಪ್ಪು ಭೇದಿ ವಿಷಯ ಮಗನಿಗೆ ಗೊತ್ತಿಲ್ಲ, ಸೊಸೆಗೆ ಗೊತ್ತಿಲ್ಲ. ನಿಂಗೆ ಹೆಂಗೆ ಗೊತ್ತಾಯ್ತು?”

ಬಾಲರಾಜು ಪೊಟ್ಟಣವನ್ನು ಗಲ್ಲಾದೊಳಗೆ ತುರುಕಿದ.

“ಔಷಧಿ ಕೊಡೋನು ಅಂತ ನಿನ್ನ ಹತ್ರ ನಾಚಿಕೆ ಬಿಟ್ಟು ಹೇಳಿದ್ಲು. ಏನಂದೆ?”

“ಉಷ್ಣ ಆಗೈತೆ, ಮಜ್ಜಿಗೆ ಕುಡಿ ಅಂದೆ...”

“ಆಮೇಲೆ?”

“ಇನ್ನೊಂದಿಷ್ಟು ಪೊಟ್ಟಣ ಕೊಟ್ಟೆ.”

ಒಳಗೊಳಗೇ ರಕ್ತ ಸೋರುತ್ತಿದ್ದ ಹೆಂಗಸನ್ನು ಆಸ್ಪತ್ರೆಗೆ ಅಟ್ಟಬೇಕಾದ ಬಾಯಿ ಮಜ್ಜಿಗೆ ಕುಡಿಯೆಂದಿತ್ತು. ಅವಳು ಸತ್ತ ಮೇಲೆ ಅದೇ ಬಾಯಿ, ಆಸ್ಪತ್ರೆಗೆ ಕರೆದ ಒಬ್ಬಳೇ ಒಬ್ಬಳನ್ನು ಕೊಲೆಗಾತಿ ಎಂದಿತ್ತು. ಥೂ! “ಹತ್ತೋ ಜೀಪು,” ಎಂದಳು.

* * *

ಎಲ್ಲವನ್ನೂ ಕೇಳಿ ಗೊಲ್ಲಪ್ಪ ರೊಪ್ಪದ ಬಾಗಿಲಲ್ಲಿ ಕುಳಿತ. ಸುಮಿತ್ರಾ ಆಗ ಅವನ ಮುಖವನ್ನು ಸರಿಯಾಗಿ ನೋಡಿದಳು. ಅದೂ ದುಂಡಗಿತ್ತು.

“ನೀನೂ?”

ಅವನು ಅಂಗಿ ಜೇಬಿಗೆ ಕೈ ಹಾಕಿ, ಪಿನ್ನು ಹೊಡೆದ ಪೊಟ್ಟಣ ತೆಗೆದ. “ಕುರಿ ಹಿಂದೆ ನಡೆದು ಸೊಂಟ ನೋವು. ಅವ್ವನೇ ತಂದು ಕೊಡ್ತಿದ್ಲು. ಅವಳೂ ನುಂಗ್ತಾಳೆ ಅಂತ ಗೊತ್ತಿರ್ಲಿಲ್ಲ.”

ಬೆರಳ ಗುರುತು ಇನ್ನೂ ಮಾಸದ ಕೆನ್ನೆಯ ಮೀನಾಕ್ಷಿ ಎದ್ದು ಬಂದು ಗಂಡನ ಮುಂದೆ ಕೈ ಚಾಚಿದಳು.

“ತಾ ಇಲ್ಲಿ. ಇದನ್ನೇ ಡಾಕ್ಟ್ರಿಗೆ ತೋರ್ಸಾಣ. ಈಗ್ಲಾದ್ರೂ ಬರ್ತೀಯೋ, ಇಲ್ಲಾ ನಿಂಗೂ ನಾನೇ ವಿಷ ಹಾಕ್ದೆ ಅಂತ ಊರೋರ ಕೈಲಿ ಅನ್ನಿಸ್ತೀಯೋ?”