ಒಂಬತ್ತನೇ ನಂಬರ್ ಬಸ್ಸಿನ ನಿದ್ದೆ ಮೇಡಮ್

"ಮೇಡಮ್... ಏಳಿ ಮೇಡಮ್. ಬಸ್ಸು ಡಿಪೋಗೆ ಹೋಗುತ್ತೆ, ಇಳೀರಿ."

ಕೊನೆಯ ಸೀಟಿನಲ್ಲಿ ದುಪಟ್ಟಾದಿಂದ ಮುಖ ಮುಚ್ಚಿಕೊಂಡು ಮಲಗಿದ್ದ ಹೆಂಗಸು ಮಿಸುಕಾಡಿದಳು. ಕಣ್ಣು ತೆರೆಯಲಿಲ್ಲ.

"ಐದೇ ನಿಮಿಷ ರೀ..." ಎಂದು ಗೊಣಗಿದಳು.

ಎಬ್ಬಿಸಲು ಬಂದಿದ್ದ ಡ್ರೈವರ್ ನಿಂತಲ್ಲೇ ನಿಂತುಬಿಟ್ಟ. ಏಳು ವರ್ಷಗಳಿಂದ ದಿನಾ ಬೆಳಗ್ಗೆ ಅವನು ಕೇಳುತ್ತಿದ್ದ ದನಿಯದು!

ಅವಳಿಗೂ ಅಷ್ಟರಲ್ಲಿ ಎಚ್ಚರವಾಯಿತು. ದುಪಟ್ಟಾ ಸರಿಸಿದಳು. ಎದುರಿಗೆ ಖಾಕಿ ಬಟ್ಟೆ, ಕೈಯಲ್ಲಿ ನೀರಿನ ಬಾಟಲಿ, ಮತ್ತು... ಅವಳ ಗಂಡನ ಮುಖ.

"ನೀನಾ?"

"ನೀವಾ?"

ಹದಿನಾಲ್ಕನೇ ನಂಬರ್ ಬಸ್ಸು ಓಡಿಸಬೇಕಿದ್ದ ಮನುಷ್ಯ ಒಂಬತ್ತನೇ ನಂಬರಿನಲ್ಲಿ ಹೇಗೆ ಬಂದ? ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರ ಪಕ್ಕ ನಿಂತಿರಬೇಕಿದ್ದ ಹೆಂಡತಿ ಇಲ್ಲಿ ಹೇಗೆ ಮಲಗಿದಳು? ಇಬ್ಬರ ಕಣ್ಣಲ್ಲೂ ಪ್ರಶ್ನೆಯಿತ್ತು. ಅವನದಕ್ಕೆ ಸುಲಭದ ಉತ್ತರವಿತ್ತು. ಒಂಬತ್ತರ ಡ್ರೈವರ್ ಅಂದು ರಜೆ ಹಾಕಿದ್ದ, ಊಟದ ಹೊತ್ತಿಗೆ ಇವನನ್ನು ಕಳಿಸಿದ್ದರು. ಅವಳದಕ್ಕೆ?

"ಅದು... ಡಾಕ್ಟರು ಒಂದು ಕೆಲಸ ಹೇಳಿದ್ರು. ಈ ಕಡೆ ಬಂದಿದ್ದೆ... ಕೂತಲ್ಲೇ ಸ್ವಲ್ಪ ಕಣ್ಣು ಹತ್ತಿತು ಅಷ್ಟೆ."

ಸುಳ್ಳು ಹೇಳುವುದೂ ಒಂದು ಕಲೆ. ಅವಳಿಗೆ ಅದು ಒಲಿದಿರಲಿಲ್ಲ.

ಆ ಹೊತ್ತಿಗೇ ಕಂಡಕ್ಟರ್ ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಬಸ್ಸು ಹತ್ತಿದಳು. ಇವರಿಬ್ಬರ ನಂಟು ಅವಳಿಗೆಲ್ಲಿ ಗೊತ್ತು!

"ಅಯ್ಯೋ ಅಣ್ಣಾ, ಅವರನ್ನ ಬೈಬೇಡಿ! ಇವರೇ ನಮ್ಮ ನಿದ್ದೆ ಮೇಡಮ್. ನಾಲ್ಕು ತಿಂಗಳಿಂದ ಪ್ರತಿ ಬುಧವಾರ ಬರ್ತಾರೆ. ಟಿಕೆಟ್ ತಗೊಂಡು ಎರಡು ಸುತ್ತು ನಿದ್ದೆ ಹೊಡೆದು ಇಳಿದು ಹೋಗ್ತಾರೆ. ಪಾಪ, ಯಾರಿಗೂ ತೊಂದ್ರೆ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಬಸ್ಸಿನ ನೆಲ ಕಬ್ಬಿಣದ್ದು, ಬಾಯಿ ಬಿಡಲಿಲ್ಲ.

ಗಂಡ ಅವಳನ್ನೊಮ್ಮೆ ನೋಡಿದ. ಕಂಡಕ್ಟರನ್ನು ನೋಡಿದ. "ಓ... ಹೌದಾ" ಎಂದಷ್ಟೇ ಹೇಳಿ, ತಲೆ ತಗ್ಗಿಸಿಕೊಂಡು ಡ್ರೈವರ್ ಸೀಟಿನ ಕಡೆ ನಡೆದುಬಿಟ್ಟ.

'ಇವಳು ನನ್ನ ಹೆಂಡತಿ' ಅನ್ನಲಿಲ್ಲ.

ಅವಳು ಇಳಿದಳು. ಬಸ್ಸು ಹೋಯಿತು. ಚಪ್ಪಲಿ ಅದಲುಬದಲಾಗಿ ಹಾಕಿಕೊಂಡಿದ್ದು ಅರ್ಧ ದಾರಿ ನಡೆದ ಮೇಲೆ ಗೊತ್ತಾಯಿತು.

ಇದೆಲ್ಲ ಶುರುವಾಗಿದ್ದು ಬೇಕೆಂದು ಅಲ್ಲ.

ನಾಲ್ಕು ತಿಂಗಳ ಹಿಂದೆ ಡಾಕ್ಟರು, "ಇನ್ಮೇಲೆ ಬುಧವಾರ ಎರಡು ಗಂಟೆಗೇ ಕ್ಲಿನಿಕ್ ಮುಚ್ತೀನಮ್ಮ" ಎಂದಿದ್ದರು. ಅಂದು ಮನೆಗೆಂದೇ ಬಸ್ಸು ಹತ್ತಿದ್ದಳು. ಬೆಳಗ್ಗೆ ಐದಕ್ಕೆ ಎದ್ದು, ಅಡುಗೆ ಮಾಡಿ, ನಾಲ್ಕು ವರ್ಷದ ಪುಟ್ಟಿಗೆ ಬೇಡುತ್ತಾ ಬೆದರಿಸುತ್ತಾ ತಿನ್ನಿಸಿ, ಅತ್ತೆಯ ಮಾತ್ರೆ ಎತ್ತಿಟ್ಟು, ಆಮೇಲೆ ಊರವರ ಬಾಯೊಳಗೆ ಟಾರ್ಚ್ ಹಿಡಿದು ನಿಂತ ದೇಹ ಅದು. ಕಿಟಕಿಯ ಗಾಳಿ ತಾಗಿತು, ತಲೆ ಜೋತಿತು. ಎಚ್ಚರವಾದಾಗ ಬಸ್ಸು ಇಡೀ ಸುತ್ತು ಮುಗಿಸಿತ್ತು. ಮೈ ಹಗುರವಾಗಿತ್ತು. ಮನೆಗೆ ಹೋಗಿ ಪುಟ್ಟಿ ನೀರು ಚೆಲ್ಲಿದಾಗ ಅವಳು ರೇಗಲಿಲ್ಲ. ನಕ್ಕಳು!

ಮುಂದಿನ ಬುಧವಾರ ಬೇಕೆಂದೇ ತನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ. ಮನೆಯಲ್ಲಿ ಹೇಳಲೂ ಇಲ್ಲ. ಮಗು ಇರುವ ತಾಯಿ, ಹಗಲು ಹೊತ್ತು, ಬಸ್ಸಿನಲ್ಲಿ ಮಲಗಿದ್ದೆ ಅಂದರೆ ಏನಂದಾರು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಜಗತ್ತಿಗೇ ಕಾಣುವುದಿಲ್ಲ ಅಂದುಕೊಂಡಳು.

ಹೋದ ತಿಂಗಳು ಅತ್ತೆ ಮಂಡಿ ನೀವಿಕೊಳ್ಳುತ್ತಾ, "ವಾರಕ್ಕೆ ಒಂದಿನ ಬೇಗ ಬರೋಕಾಗುತ್ತೇನಮ್ಮಾ? ನರ್ಸರಿಯಿಂದ ಬಂದ ಮೇಲೆ ಪುಟ್ಟಿ ಹಿಂದೆ ಓಡೋಕೆ ಆಗ್ತಿಲ್ಲ" ಎಂದು ಕೇಳಿದ್ದರು.

"ಡಾಕ್ಟರು ಬಿಡಲ್ಲ ಅತ್ತೆ" ಎಂದಿದ್ದಳು. ಕಣ್ಣಿಗೆ ಕಣ್ಣು ಕೊಡದೆ.

ಆ ಒಂದು ಸುಳ್ಳು ಅಂದಿನಿಂದ ಅವಳನ್ನು ಚುಚ್ಚುತ್ತಲೇ ಇತ್ತು. ಆದರೂ ಬುಧವಾರ ಬಂದರೆ ಕಾಲು ತಾನಾಗಿಯೇ ಸ್ಟಾಪಿಗೆ ಹೋಗುತ್ತಿತ್ತು. 'ಥೂ, ನಾನೂ ಒಬ್ಬ ತಾಯಿನಾ?' ಎಂದು ಬೈದುಕೊಂಡೇ ಮಲಗುತ್ತಿದ್ದಳು. ಆಮೇಲೆ ಗಂಡ ಒಂದು ದಿನ ಊಟಕ್ಕೆ ಕೂತಾಗ ನಗುತ್ತಾ ಹೇಳಿದ್ದ...

"ನಮ್ಮ ಒಂಬತ್ತನೇ ನಂಬರಲ್ಲಿ ಒಬ್ರು ಮೇಡಮ್ ಇದಾರಂತೆ ಕಣೇ. ಬುಧವಾರ ಬುಧವಾರ ಬಂದು ಗೊರಕೆ ಹೊಡೀತಾರಂತೆ. ಮನೆ ಮಠ ಇಲ್ವೇನೋ! ಡಿಪೋದಲ್ಲೆಲ್ಲ ಈಗ ಅವರ ಹೆಸರು ನಿದ್ದೆ ಮೇಡಮ್!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅವಳ ಕೈ ಕೆನ್ನೆಗೆ ಹೋಗಿತ್ತು. ಆಮೇಲೆ ಅವಳೂ ನಕ್ಕಿದ್ದಳು. ಆ ನಗು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತಿತ್ತು.

ಬಸ್ಸಿನಲ್ಲಿ ಅವಳನ್ನು ಕಂಡ ಆ ಸಂಜೆ ಗಂಡ ಮನೆಗೆ ಬಂದವನು ಒಂದು ಮಾತೂ ಆಡಲಿಲ್ಲ. ಬೈಯಲೂ ಇಲ್ಲ. ಪುಟ್ಟಿಯನ್ನು ಎತ್ತಿಕೊಂಡು ಹೊರಗೆ ಹೋದ. ಮರುದಿನವೂ ಅಷ್ಟೆ. ಅದರ ಮರುದಿನವೂ...

'ನನ್ನನ್ನ ಹೆಂಡತಿ ಅಂತ ಹೇಳೋಕೂ ನಾಚಿಕೆ ಆಯ್ತು ಅವರಿಗೆ. ಬೈದ್ರೆ ಎಷ್ಟೋ ಚೆನ್ನಾಗಿತ್ತು!'

ಭಾನುವಾರ ತಡೆಯಲಾಗಲಿಲ್ಲ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ಅರ್ಧ ದಿನದ ರಜೆ, ಬಸ್ಸು, ನಿದ್ದೆ, ಡಾಕ್ಟರ ಮೇಲೆ ಹಾಕಿದ ಸುಳ್ಳು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು.

ಅತ್ತೆ ಎಣ್ಣೆ ಹಚ್ಚಿದ ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

"ಕೋಪ ಬಂದಿದೆ ನಂಗೆ" ಎಂದರು. "ಮಲಗಿದ್ದಕ್ಕಲ್ಲ. ಡಾಕ್ಟರು ಬಿಡಲ್ಲ ಅಂದ್ಯಲ್ಲ, ಅದಕ್ಕೆ."

"ತಪ್ಪಾಯ್ತು ಅತ್ತೆ..."

"ಆ ಕಾಲಿಗೂ ತಿಕ್ಕು." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ನಿನ್ನ ಗಂಡ ಚಿಕ್ಕವನಿದ್ದಾಗ ನಾನು ಹಿಟ್ಟಿನ ಗಿರಣಿಗೆ ಹೋಗ್ತಿದ್ದೆ. ನನ್ನ ಸರದಿ ಬಂದಾಗಲೆಲ್ಲ ಹಿಂದಿನವರಿಗೆ 'ನೀವು ಹೋಗಿ, ನಂಗೇನೂ ಅವಸರ ಇಲ್ಲ' ಅಂತಿದ್ದೆ. ಒಂದು ಗಂಟೆ ಕಾಲು ಚಾಚಿ ಕೂತು ಬರ್ತಿದ್ದೆ. ಮನೇಲಿ 'ಅಬ್ಬಾ, ಏನು ಜನ ಗಿರಣೀಲಿ!' ಅಂತ ಹೇಳ್ತಿದ್ದೆ. ಇವತ್ತಿನವರೆಗೂ ಯಾರಿಗೂ ಗೊತ್ತಿಲ್ಲ."

ಅವಳು ಕಣ್ಣೀರಲ್ಲೇ ನಕ್ಕಳು. ಆದರೆ ಗಂಡನ ನೆನಪಾಗಿ ನಗು ಆರಿತು.

"ಅವರು ಮಾತೇ ಬಿಟ್ಟಿದಾರೆ ಅತ್ತೆ."

"ಮಾತು ಬಿಟ್ಟಿಲ್ಲ, ಮಾತು ಹುಡುಕ್ತಿದಾನೆ. ಅವರಪ್ಪನೂ ಹಂಗೇ ಇದ್ರು" ಎಂದರು ಅತ್ತೆ.

ಬುಧವಾರ ಬಂತು.

ಎರಡು ಗಂಟೆಗೆ ಕ್ಲಿನಿಕ್ಕಿನ ಬಾಗಿಲು ಹಾಕಿದಳು. ಇವತ್ತು ನೆಟ್ಟಗೆ ಮನೆಗೆ, ಬಸ್ಸಿನ ಸಹವಾಸವೇ ಬೇಡ, ನಡೆದೇ ಹೋಗುವುದು ಎಂದು ನಿಶ್ಚಯಿಸಿದ್ದಳು. ಸ್ಟಾಪ್ ದಾಟುವಾಗ ಯಾರೋ ಅವಳ ಕೈಚೀಲ ಹಿಡಿದೆಳೆದರು.

ಗಂಡ! ಖಾಕಿಯಿಲ್ಲ, ಇಸ್ತ್ರಿಯಿಲ್ಲದ ಶರ್ಟು.

"ಡ್ಯೂಟಿ?"

"ರಜೆ. ಬಾ, ಬಸ್ಸು ಬಂತು."

"ನಾನು ಹತ್ತಲ್ಲ ರೀ! ಸಾಕಾಗಿದೆ ನಂಗೆ..."

ಅವನು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತ. ಡ್ರೈವರ್ ಹಾರ್ನ್ ಹೊಡೆದ. ಒಳಗಿದ್ದವರೆಲ್ಲ ಬಗ್ಗಿ ನೋಡತೊಡಗಿದರು. ಬೇರೆ ದಾರಿ ಕಾಣದೆ ಹತ್ತಿದಳು.

ಕಂಡಕ್ಟರ್ ಅಕ್ಕ ಬಂದು ಟಿಕೆಟ್ ಹರಿಯುತ್ತಾ ಇಬ್ಬರನ್ನೂ ನೋಡಿ ಕಣ್ಣರಳಿಸಿದಳು.

"ಅಕ್ಕಾ..." ಎಂದ ಅವನು. ಕಿವಿ ಕೆಂಪಾಗಿತ್ತು. "ಇವಳು ನನ್ನ ಹೆಂಡತಿ. ಹೋದ ವಾರವೇ ಹೇಳಬೇಕಿತ್ತು. ಹೇಳೋಕೆ ಮುಖ ಇರಲಿಲ್ಲ. ಡಿಪೋದಲ್ಲಿ ನೀವು ಮೊದಲ ಸಲ ಇವಳ ವಿಷ್ಯ ಹೇಳಿದ ದಿನ, ನಿದ್ದೆ ಮೇಡಮ್ ಅಂತ ಹೆಸರಿಟ್ಟು ಎಲ್ಲರನ್ನೂ ನಗಿಸಿದವನು ನಾನೇ ಅಲ್ವಾ?"

ಕಂಡಕ್ಟರ್ ಅಕ್ಕ ಟಿಕೆಟ್ಟನ್ನು ಅವನ ಕೈಗೆ ತುರುಕಿ, "ಮುಂದೆ ಬನ್ನಿ, ಮುಂದೆ ಬನ್ನಿ!" ಎಂದು ಯಾರೂ ನಿಂತಿರದ ಬಸ್ಸಿನಲ್ಲಿ ಕೂಗುತ್ತಾ ಹೋದಳು.

ಹೆಂಡತಿ ಅವನ ಕಡೆ ತಿರುಗಿದಳು. 'ಹಾಗಾದ್ರೆ... ನಾಚಿಕೆ ನನ್ನ ಮೇಲಲ್ವಾ?'

"ನೆನಪಿದೆಯಾ?" ಅವನು ಮೆಲ್ಲಗೆ ಕೇಳಿದ. "ಮದುವೆಗೆ ಮುಂಚೆ ನೀನು ದಿನಾ ಓಡೋಡಿ ಬಸ್ಸು ಹತ್ತೋಳು. ಐವತ್ತು ಜನರ ಮಧ್ಯೆ ನಿನ್ನ ತಲೆ ತುದಿ ಕಂಡ್ರೆ ಸಾಕು, ಕನ್ನಡೀಲೇ ಗುರುತು ಹಿಡೀತಿದ್ದೆ. ಹೋದ ವಾರ ಎರಡು ಸುತ್ತು ಅದೇ ಥರದ ಕನ್ನಡೀಲಿ ನೀನಿದ್ದೆ ಕಣೇ. ಹಿಂದೆ ಯಾರೋ ಒಬ್ಬ ಹೆಂಗಸು ಸುಸ್ತಾಗಿ ಮಲಗಿದಾಳೆ ಅಂದ್ಕೊಂಡೆ. ನನ್ನವಳು ಅಂತ ಗೊತ್ತೇ ಆಗಲಿಲ್ಲ ನಂಗೆ..."

ಅವನ ದನಿ ಒಡೆಯಿತು. ಅವಳು ಸೀಟಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈಯಿಟ್ಟಳು.

"ನಾನೂ ಸುಳ್ಳು ಹೇಳಿದೆ" ಎಂದಳು.

"ನಿಜ ಹೇಳೋಕೆ ನಾನೆಲ್ಲಿ ಜಾಗ ಕೊಟ್ಟಿದ್ದೆ? ಊಟ ಮಾಡ್ತಾ ನಗ್ತಿದ್ನಲ್ಲ." ಅವನು ಮೂಗೊರೆಸಿಕೊಂಡ. "ವಾರದ ರಜೆ ಬುಧವಾರಕ್ಕೆ ಹಾಕಿಸ್ಕೊಂಡಿದೀನಿ. ಪುಟ್ಟಿ ಇವತ್ತು ನನ್ನ ಪಾಲು, ಅಮ್ಮನ ಮಂಡಿಗೂ ರಜೆ."

ಬಸ್ಸು ಪುಟ್ಟಿಯ ನರ್ಸರಿಯ ಸ್ಟಾಪಿಗೆ ಬಂತು. ಅವನು ಎದ್ದ. ಅವಳೂ ಏಳಹೋದಳು.

"ನೀನು ಕೂತ್ಕೋ."

"ನೀವು ನನ್ನ ಜೊತೆ ಬರಲ್ವಾ?"

"ಬಂದ್ರೆ ನೀನು ಮಾತಾಡ್ತಾ ಕೂರ್ತೀಯ, ಮಲಗಲ್ಲ."

ಇಳಿದು ಅವಳ ಕಿಟಕಿಯ ಕೆಳಗೆ ಬಂದು ನಿಂತ. ನಾಚಿಕೆಯಿಂದ ಕುಗ್ಗಿದ್ದ ಅವಳ ಮುಖದಲ್ಲಿ ಈಗ ಬೇರೆಯದೇ ನಾಚಿಕೆಯಿತ್ತು. ಏಳು ವರ್ಷದ ಹಿಂದಿನದು.

"ಎರಡು ಸುತ್ತು ಆಗ್ಲಿ. ಸ್ಟ್ಯಾಂಡಲ್ಲಿ ನಾನೂ ಪುಟ್ಟೀನೂ ಕಾಯ್ತಾ ಇರ್ತೀವಿ."

ಬಸ್ಸು ಕದಲಿತು. ಅವಳು ದುಪಟ್ಟಾವನ್ನು ಮುಖದವರೆಗೆ ಎಳೆದುಕೊಂಡವಳು, ಕಿಟಕಿಯಿಂದ ತಲೆ ಹೊರಹಾಕಿ ಕೇಳಿದಳು.

"ರೀ... ಈ ಸಲ ಗುರುತು ಹಿಡೀತೀರಾ?"

ಅವನು ಬಸ್ಸಿನ ಪಕ್ಕ ನಾಲ್ಕು ಹೆಜ್ಜೆ ಓಡಿದ.

"ತಪ್ಪಿದ್ರೆ ಲೈಸೆನ್ಸ್ ವಾಪಸ್ ಕೊಡ್ತೀನಿ! ತಲೆ ಒಳಗೆ ಹಾಕ್ಕೊಂಡು ಮಲಗೇ!"