ಬಣ್ಣ ಬಳಿದ ರಿವೆಟ್ಟು

೧೮೬೬ರ ಮಾರ್ಚ್ ಹದಿನಾಲ್ಕು, ಬುಧವಾರ ಬೆಳಿಗ್ಗೆ ಏಳು ಗಂಟೆಗೆ ಸಂಡರ್ಲೆಂಡ್ ಠಾಣೆಗೆ ಬಂದ ಬ್ಲಾಗ್ಡನ್, ಕುರ್ಚಿ ಕೊಟ್ಟರೂ ಕೂರಲಿಲ್ಲ. ಎರಡು ವರ್ಷದ ಹಿಂದಿನವರೆಗೆ ಬೆಣ್ಣೆ ವ್ಯಾಪಾರಿ. ಈಗ ವಿಯರ್ ನದಿಯ ದಡದಲ್ಲಿ ಕಬ್ಬಿಣದ ಹಡಗು ಕಟ್ಟುವ ಕಂಪನಿಯ ಯಜಮಾನ.

"ನನ್ನ ಹಡಗಿನ ತಳಕ್ಕೆ ಯಾವನೋ ತೂತು ಹೊಡೆದಿದಾನೆ ಇನ್ಸ್‌ಪೆಕ್ಟರೇ! ಕೊಳ್ಳೋರ ಎಂಜಿನಿಯರ್ ಬೇರೆ ನೋಡಿಬಿಟ್ಟ. ನಾಳೆ ನೀರಿಗಿಳಿಸಬೇಕು, ಊಟಕ್ಕೆ ಊರಿನ ದೊಡ್ಡೋರನ್ನೆಲ್ಲ ಕರೆದಾಗಿದೆ."

"ಊಟ ಕೆಡೋದು ಬೇಡ," ಎಂದು ಇನ್ಸ್‌ಪೆಕ್ಟರ್ ಹೆಸ್ಲಾಪ್ ದೂರು ದಾಖಲಿಸಿಕೊಂಡ.

ಒಂಬತ್ತಕ್ಕೆ ಸ್ಥಳ ಪಂಚನಾಮೆ. ತಗಡಿಗೆ ತಗಡು ಬೆಸೆದ ರಿವೆಟ್ಟುಗಳ ಸಾಲಿನಲ್ಲಿ ಅಲ್ಲಲ್ಲಿ ತೂತು. ನೆಲವನ್ನು ಆಗಲೇ ಗುಡಿಸಲಾಗಿತ್ತು. ಆಧಾರದ ಮರದ ಸಂದಿಯಿಂದ ಕಾನ್‌ಸ್ಟೇಬಲ್ ಟಲಿ ಒಂದು ಚೂರು ಹೆಕ್ಕಿ, ಉಗುರಲ್ಲಿ ಗೀರಿದ.

"ಸಾರ್, ಇದು ಕಬ್ಬಿಣ ಅಲ್ಲ, ಗಾಜು ಅಂಟಿಸೋ ಪುಟ್ಟಿ. ಮೇಲೆ ಬಣ್ಣ. ನಮ್ಮತ್ತೆ ಕಿಟಕಿಗೆ ಮೆತ್ತೋದು ಇದಕ್ಕಿಂತ ಗಟ್ಟಿ."

ಬ್ಲಾಗ್ಡನ್ ಕೆಂಪಾದ. "ತೂತು ಹೊಡೆದೋನ್ನ ಹಿಡೀರಿ ಅಂದ್ರೆ ತೂತಲ್ಲಿ ಏನಿತ್ತು ಅಂತ ನೋಡ್ತೀರಲ್ರೀ!"

"ಎರಡೂ ಒಂದೇ ಜಾಗದಲ್ಲಿವೆ ಸ್ವಾಮಿ, ಏನು ಮಾಡಲಿ?" ಎಂದ ಹೆಸ್ಲಾಪ್.

"ಸರಿ, ನೋಡಿದ್ರಲ್ಲ. ಇನ್ನು ಮುಚ್ಚಿಸ್ತೀನಿ."

"ಮುಟ್ಟಿದರೆ ನಿಮ್ಮನ್ನೂ ಒಳಗೆ ಹಾಕ್ತೀನಿ," ಹೆಸ್ಲಾಪನ ದನಿ ಏರಿತು. "ಇದರಲ್ಲಿ ಜನ ಸಮುದ್ರಕ್ಕೆ ಹೋಗೋದಿತ್ತು. ದೂರು ಕೊಟ್ಟೋರು ನೀವೇ. ಈಗ ಹಡಗೇ ಸಾಕ್ಷ್ಯ."

ಟಲಿ ಸಂತೋಷದಿಂದ ಮೊಹರು ಹಾಕಿದ.

ಹೆಸ್ಲಾಪ್ ಮತ್ತೆ ಬಾಗಿ ನೋಡಿದ. ಎಲ್ಲದಕ್ಕೂ ಒಂದೇ ಬಣ್ಣ. ಆದರೂ ಪುಟ್ಟಿಯ ಸುಳ್ಳು ರಿವೆಟ್ಟುಗಳಷ್ಟೇ ಹೋಗಿದ್ದವು, ನಿಜವಾದವಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಹುಡುಕಿ ಕಿತ್ತವನ ಕೆಲಸ ಹೀಗಿರುವುದಿಲ್ಲ. ಇದು ಪುಟ್ಟಿ ತುಂಬಿದವನದೇ ಕೈ. ರಿವೆಟ್ಟು ಬಡಿಯುವವರು ಜೋಡಿಯಾಗಿ ನಿಲ್ಲುತ್ತಾರೆ, ಒಬ್ಬ ಬಲಗೈಯವ, ಒಬ್ಬ ಎಡಗೈಯವ. ತೂತಿನ ಅಂಚಿನ ಉಳಿ ಗುರುತುಗಳೆಲ್ಲ ಎಡಗೈಯ ಓರೆಯಲ್ಲಿದ್ದವು. ಆ ಸಾಲು ಬಡಿದ ಎಡಗೈಯವನ ಹೆಸರು ಎಜ್ರಾ ಕೋಲ್ಟ್ ಎಂದು ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಹೇಳಿದ.

ಹೆಸ್ಲಾಪ್ ಮತ್ತು ಟಲಿ ಹೋದಾಗ ಎಜ್ರಾ ಮನೆಯಲ್ಲೇ ಇದ್ದ. ಶೋಕದ ಕಪ್ಪು ಉಡುಪಿನ ಮಗಳು ಬ್ರೆಡ್ಡು ಕೊಯ್ಯುತ್ತಿದ್ದಳು.

"ಹಡಗು ಹಾಳು ಮಾಡಿದ್ದು ನೀನೇನಾ?" ಹೆಸ್ಲಾಪ್ ಕೇಳಿದ.

"ಹಾಳು ಮಾಡಿದ್ದು ಹೋದ ವರ್ಷ, ಮೇಸ್ತ್ರಿ ಹೇಳಿದಾಗ. ರಾತ್ರಿ ಮಾಡಿದ್ದು ಬರೀ ತೋರಿಸೋ ಕೆಲಸ."

"ಯಜಮಾನರಿಗೆ ಹೇಳಬೇಕಿತ್ತು."

"ಹೇಳ್ದೆ! ನೀರಿನ ಕೆಳಗೆ ಯಾರು ನೋಡ್ತಾರೆ ಅಂತ ನಕ್ಕ ಆ ಬೆಣ್ಣೆ ಮಾರೋ ನಾಯಿ. ಗುಟ್ಟಾಗಿ ಇನ್ನೊಂದ್ಸಲ ಮೆತ್ತೋಕಾಗದ ಹಾಗೆ ಮಾಡಬೇಕಿತ್ತು, ಮಾಡ್ದೆ."

"ಇಷ್ಟು ದಿನ ಸುಮ್ಮನಿದ್ದು ಈಗ್ಯಾಕೆ?"

ಎಜ್ರಾ ಮಗಳತ್ತ ನೋಡಲಿಲ್ಲ. "ಕಂಪನಿಯ ಮೊದಲನೇ ಹಡಗು ಮುಳುಗ್ತಲ್ಲ, ಜನವರೀಲಿ. ಅಳಿಯ ಅದರಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕೋ ಕೆಲಸದಲ್ಲಿದ್ದ. ಅದಕ್ಕೂ ನಾನೇ ತುಂಬಿದ್ದೆ."

ಬ್ರೆಡ್ಡಿನ ಚಾಕು ನಿಂತಿತು.

ಹೆಸ್ಲಾಪ್ ಬಂಧಿಸಿದ, ಕಾನೂನಿನಲ್ಲಿ ಬೇರೆ ದಾರಿಯಿರಲಿಲ್ಲ. ಜೂನಿಗೆ ಮುಂಚೆ ಕಂಪನಿ ಮುಚ್ಚಿತು. ಬ್ಲಾಗ್ಡನ್ ಬೆಣ್ಣೆಗೆ ಮರಳಿದ. ಎಜ್ರಾಗೆ ಆರು ತಿಂಗಳು ಕಠಿಣ ಶಿಕ್ಷೆ.

ಬಂಧಿಸಿದ ಆ ಬೆಳಿಗ್ಗೆ ಮನೆಯಿಂದ ಹೊರಡುವಾಗ ಎಜ್ರಾ ಟೋಪಿಗೆ ಕೈ ಚಾಚಿದ್ದ. ಮಗಳು ಗೂಟದಿಂದ ಅದನ್ನು ತೆಗೆದು, ಅವನ ಕೈಗೆ ಕೊಡದೆ, ಟಲಿಯ ಕೈಗೆ ಕೊಟ್ಟಳು.